ಕಾಯುವುದು

ಬಿಸಿನೀರು ನೋಡಲಿಕ್ಕೆ ನಾವು 500 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಂದೆವೆಂದಾಗ ನಮ್ಮ ಹಿರೇಕೊಟ್ನೆಕಲ್‌ನಲ್ಲಿ ನಗದವರಿಲ್ಲ. "ಏನ್ ಟೀಚರ್ರೀ, ಬ್ಯಾಸಿಗ್ಯಾಗ ಮಾಳಗಿ ಮ್ಯಾಲಿನ ಟಾಕಿ ನಳ ತಿರುವಿದ್ರ ಕೈ ಸುಡೂವಂಥ ನೀರು ಬರ್ತಾವ. ಅದಕ್ಕ ಅಷ್ಟು ದೂರ ಹೋಗಬೇಕಾಗಿತ್ತೇನ್ರಿ?" ಎಂದು ಹಾಲು ಹಾಕುವ ಹೆಣ್ಣುಮಗಳು ಕೇಳಿದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಇಲ್ಲಿ ಬೆಲೆ ಇರುವುದು ತಣ್ಣೀರಿಗೆ. ಮಳೆ ಬಿಟ್ಟ ಮೇಲೆ ಬಂದ ನೆಂಟರಿಗೆ ಹೊಸ ಗಡಿಗೆಯ ನೀರು ಕೊಟ್ಟರೆ ಅದೇ ದೊಡ್ಡ ಉಪಚಾರ.

ನಿಜ ಹೇಳಬೇಕೆಂದರೆ ನಾವು ಬಿಸಿನೀರಿಗಾಗಿ ಹೊರಟವರಲ್ಲ. ಹೋದ ವರ್ಷ ದಸರೆಯ ರಜೆಯಲ್ಲಿ ಸುಬ್ರಹ್ಮಣ್ಯ, ಧರ್ಮಸ್ಥಳ ಮಾಡಿಬರೋಣವೆಂದು ಹನ್ನೊಂದು ಜನ ಸೇರಿ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದೆವು. ನಮ್ಮ ಮನೆಯವರು, ಮಗ, ಸೊಸೆ, ನನ್ನ ನಾದಿನಿ, ಜೊತೆಗೆ ನನ್ನ ಸಹೋದ್ಯೋಗಿಯೊಬ್ಬರ ಸಂಸಾರ. ಸಿಂಧನೂರು, ಗಂಗಾವತಿ ದಾಟಿ ಹೊಸಪೇಟೆ, ಅಲ್ಲಿಂದ ಚಿತ್ರದುರ್ಗ, ಹಾಸನ. ದಾರಿಯುದ್ದಕ್ಕೂ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ, ಅಂತ್ಯಾಕ್ಷರಿ, ಮಧ್ಯೆ ಮಧ್ಯೆ ಯಾರಿಗೋ ವಾಂತಿ. ಇಂಥ ಪ್ರವಾಸದ ಕಥೆ ಎಲ್ಲರ ಮನೆಯಲ್ಲೂ ಇರುತ್ತದೆ, ಬಿಡಿ. ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯುವಾಗ ಮಾತ್ರ ಗಾಡಿಯೊಳಗೆ ಎಲ್ಲರೂ ಸುಮ್ಮನಾದೆವು. ರಸ್ತೆಯ ಮಗ್ಗುಲಲ್ಲೇ ಬಂಡೆಯ ಮೇಲಿಂದ ನೀರು ಧೋ ಎಂದು ಬೀಳುತ್ತಿತ್ತು. ಅದರ ಕೆಳಗೆ ಒಂದು ಕೊಡವೂ ಇರಲಿಲ್ಲ. ನನ್ನ ನಾದಿನಿ ಕಿಟಕಿಗೆ ಮೂಗು ಹಚ್ಚಿ, "ಯವ್ವಾ, ಯಾರೂ ಹಿಡಕೊಳ್ಳವಲ್ರಲ್ಲ!" ಎಂದಳು. ನಳಕ್ಕೆ ನೀರು ಬಿಡುವ ದಿನ ಎರಡು ಲೋಟ ಕೂಡ ಚೆಲ್ಲಗೊಡದೆ ಹಿಡಿದಿಡುವವಳು ಅವಳು.

ಧರ್ಮಸ್ಥಳದಲ್ಲಿ ದರ್ಶನ, ಊಟ ಮುಗಿದ ಮರುದಿನ ನನ್ನ ಸೊಸೆ, "ಪುತ್ತೂರಿನ ಹತ್ತಿರ ನೆಲದಾಗಿಂದ ಬಿಸಿನೀರು ಬರೋ ಜಾಗ ಐತಂತ್ರಿ ಅತ್ತಿ" ಎಂದು ಹೊಸ ಸುದ್ದಿ ತೆಗೆದಳು. ಅದು ಬೆಂದ್ರು ತೀರ್ಥ. ಉಪ್ಪಿನಂಗಡಿಯ ಮೇಲೆ ಪುತ್ತೂರಿಗೆ ಬಂದು, ಅಲ್ಲಿಂದ ಸುಮಾರು 15 ಕಿಲೋಮೀಟರು ಹೋದರೆ ಇರ್ದೆ ಗ್ರಾಮ. ಅಡಿಕೆ ತೋಟಗಳ ನಡುವೆ ಸೀರೆ ಹೊಳೆ ಹರಿಯುತ್ತದೆ. ಹೊಳೆಗೆ ಈ ಹೆಸರು ಬಂದದ್ದು ಹೇಗೋ, ನಮ್ಮ ಹೆಂಗಸರಿಗಂತೂ ಅದು ಬಹಳ ಹಿಡಿಸಿತು. ಅದರ ದಂಡೆಯಲ್ಲಿ ಕಲ್ಲು ಕಟ್ಟಿದ, ಮೆಟ್ಟಿಲಿರುವ ಒಂದು ಕೆರೆ. ಹತ್ತಿರ ಹೋದಂತೆ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ, ಕೆಟ್ಟ ತತ್ತಿಯ ವಾಸನೆಯಂತೆ. ಚರ್ಮರೋಗದವರು ಇಲ್ಲಿ ಮಿಂದರೆ ಗುಣವಾಗುತ್ತದೆಂಬ ನಂಬಿಕೆ ಹಿಂದಿನಿಂದ ಬಂದದ್ದು. ಕಜ್ಜಿಗೆ ಹಚ್ಚುವ ಮುಲಾಮಿನಲ್ಲೂ ಗಂಧಕ ಇರುತ್ತದಾದ್ದರಿಂದ ನಂಬಿಕೆ ಪೂರ್ತಿ ಬುಡವಿಲ್ಲದ್ದು ಎನ್ನಲಾರೆ.

ನೀರು ಸುಡುವಂಥದ್ದಲ್ಲ. ಹೆಸರು ಕೇಳಿ ಕುದಿಯುವ ಹಂಡೆಯನ್ನು ಕಲ್ಪಿಸಿಕೊಂಡು ಹೋದವರಿಗೆ ಸ್ವಲ್ಪ ನಿರಾಸೆಯೇ. ಎಳೆಗೂಸಿಗೆ ಎರೆಯಲು ಮೊಣಕೈ ಅದ್ದಿ ಹದ ನೋಡುತ್ತೇವಲ್ಲ, ಅಷ್ಟು. ಹಿಮಾಚಲದ ಮಣಿಕರಣದಲ್ಲಿ ಊಟೆಯ ನೀರಿನಲ್ಲೇ ಅನ್ನ ಬೇಯಿಸುತ್ತಾರೆ. ಲಡಾಖಿನ ಪುಗಾ ಕಣಿವೆಯಲ್ಲಿ ಹಿಮದ ನಡುವೆ ಹಬೆ ಏಳುತ್ತದೆ. ನಮ್ಮ ದೇಶದಲ್ಲಿ ಇಂಥ ಬಿಸಿನೀರಿನ ಊಟೆಗಳು 300ಕ್ಕೂ ಹೆಚ್ಚು. ಅವುಗಳ ಮುಂದೆ ಬೆಂದ್ರು ತೀರ್ಥ ಬಹಳ ಸೌಮ್ಯ ಸ್ವಭಾವದ್ದು. ಕೆಳಗೆ ಬೆಂಕಿಯಿಲ್ಲ, ಜ್ವಾಲಾಮುಖಿಯಿಲ್ಲ. ಬಿದ್ದ ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಕೆಳಗೆ ಕಾದ ನೀರು ಇನ್ನೊಂದು ಬಿರುಕಿನ ದಾರಿ ಹಿಡಿದು ಮೇಲೆ ಬರುತ್ತದೆ, ಅಷ್ಟೆ. ಇದನ್ನು ನಾನು ಎಷ್ಟೋ ವರ್ಷ ಭೂಗೋಳದ ಪಾಠದಲ್ಲಿ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೇನೆ. ಆದರೆ ಕಾಲು ಇಟ್ಟದ್ದು ಅಂದೇ ಮೊದಲು.

ಮೊದಲು ಗಂಡಸರು ಮುಳುಗಿ ಎದ್ದು ಬಂದರು. ಅಲ್ಲಿಯೂ ಆ ಕ್ರಮ ತಪ್ಪಲಿಲ್ಲ ನೋಡಿ. ಅವರು ಚಹಾ ಕುಡಿಯಲು ಹೋದ ಮೇಲೆ ನಾವು ನಾಲ್ಕು ಜನ ಹೆಂಗಸರು ಇಳಿದೆವು. ಬೇರೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತರೆ ನೀರು ಕೊರಳಿನವರೆಗೆ ಬಂತು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ದೇವರ ಮಹಿಮೆಯೂ ಅಲ್ಲ, ಭೂಗೋಳವೂ ಅಲ್ಲ. ಈ ನೀರನ್ನು ಯಾರೂ ಕಾಯಿಸಿಲ್ಲ ಎಂಬುದು.

ಇದನ್ನು ಓದುತ್ತಿರುವ ಅಕ್ಕತಂಗಿಯರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ತವರಿನ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಹೂತಿತ್ತು. ನನ್ನ ಅವ್ವ ಬೆಳಗಿನ ಜಾವ ಎದ್ದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು, ಜಾಲಿಮುಳ್ಳು, ಕೈಗೆ ಸಿಕ್ಕದ್ದನ್ನು ಒಟ್ಟಿ ಉರಿ ಹಚ್ಚುತ್ತಿದ್ದಳು. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಮನೆಯೆಲ್ಲ. ಮೊದಲು ಅಜ್ಜ, ಆಮೇಲೆ ಅಪ್ಪ, ಆಮೇಲೆ ಕಾಕಂದಿರು, ನೆಂಟರಿದ್ದರೆ ನೆಂಟರು, ಗಂಡುಮಕ್ಕಳು, ನಾವು ಹೆಣ್ಣುಮಕ್ಕಳು. ಒಬ್ಬೊಬ್ಬರು ಎದ್ದಾಗಲೂ ಅವ್ವ ಎರಡೆರಡು ಕೊಡ ತಣ್ಣೀರು ಸುರಿದು ಹಂಡೆ ತುಂಬಿಸುತ್ತಿದ್ದಳು. ಅವಳ ಪಾಳಿ ಬರುವ ಹೊತ್ತಿಗೆ ಉರಿ ಆರಿ ಬೂದಿಯಾಗಿರುತ್ತಿತ್ತು. ತಳದ ಉಗುರುಬೆಚ್ಚನೆಯ ನೀರು ನಾಲ್ಕು ಚರಿಗೆ ಹೊಯ್ದುಕೊಂಡು ಬಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅವಳು ಕೊರಳಿನವರೆಗೆ ಬಿಸಿನೀರಿನಲ್ಲಿ ಕೂತದ್ದು ನಾಲ್ಕು ಬಾಣಂತನಗಳಲ್ಲಿ ಇದ್ದೀತೇನೋ. ಆಗಲೂ ಎರೆಯುವವರು ಇನ್ನೊಬ್ಬ ಹೆಂಗಸರು, ಬೆವರು ಸುರಿಸುತ್ತ.

ನಮ್ಮ ಕನ್ನಡದಲ್ಲಿ ನೀರೂ ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ. ಎರಡಕ್ಕೂ ಒಂದೇ ಮಾತು. ನೀರು ಕಾಯಿಸುವವಳೇ ಕೊನೆಯವರೆಗೆ ಕಾಯುವವಳು ಎಂದು ಹಿರಿಯರು ಮೊದಲೇ ಗೊತ್ತು ಮಾಡಿ ಇಟ್ಟರೋ ಏನೋ. ನಾನು ನೌಕರಿಗೆ ಸೇರಿ, ಮನೆಗೆ ಗೀಸರು ಬಂದ ಮೇಲೂ ಪಾಳಿ ಬದಲಾಗಲಿಲ್ಲ. ಅವರ ಸ್ನಾನ, ಮಗನ ಸ್ನಾನ, ಅತ್ತೆಯವರ ಮಡಿ ಸ್ನಾನ, ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ನನ್ನದು ಕಾಗೆಸ್ನಾನ. ಗುಂಡಿ ಒತ್ತಿದರೆ ಬರುವ ಬಿಸಿನೀರನ್ನೂ ಯಾರೋ ಕಾಯಿಸುತ್ತಾರೆ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ 1985ರಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಯಿತು. ತೆಲಂಗಾಣದ ಸಿಂಗರೇಣಿಯ ನೆಲದೊಳಗೆ ಇಳಿದು ಯಾರೋ ಕಲ್ಲಿದ್ದಲು ತೆಗೆಯುತ್ತಾರೆ, ಅದು ರೈಲಿನಲ್ಲಿ ಬರುತ್ತದೆ, ಕೃಷ್ಣೆಯ ನೀರನ್ನು ಕುದಿಸುತ್ತದೆ. ಅವ್ವನ ಒಲೆ ಊರ ಹೊರಗೆ ಹೋಯಿತು, ಅಷ್ಟೆ. ಆದರೆ ಬೆಂದ್ರು ತೀರ್ಥದ ನೀರಿಗೆ ಯಾರೂ ಕಣ್ಣಲ್ಲಿ ಹೊಗೆ ತುಂಬಿಕೊಂಡಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ, ಯಾರ ಋಣವೂ ಇಲ್ಲದ ಸುಖ ಎಂದುಕೊಂಡು ಕಣ್ಣು ಮುಚ್ಚಿದೆ.

ಹತ್ತು ನಿಮಿಷ ಆಗಿರಬಹುದು. ಕಣ್ಣು ತೆರೆದಾಗ ಮೇಲಿನ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು, ಹನ್ನೆರಡು ಹದಿಮೂರು ವರ್ಷದ ಒಬ್ಬ ಹುಡುಗಿ ಕೂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಟವೆಲು, ಬದಲಿ ಬಟ್ಟೆ. ಹುಡುಗಿ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ನಾನು ನೋಡಿದ್ದು ಕಂಡು ಆ ತಾಯಿ ಸಣ್ಣಗೆ ನಕ್ಕು, "ಪರವಾಗಿಲ್ಲ, ನೀವು ಮುಗಿಸಿ ಬನ್ನಿ. ನಾವು ಮತ್ತೆ ಇಳಿಯುತ್ತೇವೆ" ಎಂದಳು. ನಾನು ತಲೆ ಅಲ್ಲಾಡಿಸಿ ಮತ್ತೆ ಕಣ್ಣು ಮುಚ್ಚಿದೆ.

ನನ್ನೊಳಗೆ ಆಗ ಒಂದು ವಾದ ನಡೆದದ್ದು ನಿಜ. 'ಏಳಬೇಕು, ಯಾರೋ ಕಾಯುತ್ತಿದ್ದಾರೆ' ಎಂದು ಒಂದು ದನಿ. ಅದು ಬಹಳ ಹಳೆಯ ದನಿ. ಬಚ್ಚಲ ಬಾಗಿಲು ತಟ್ಟುವ ದನಿ. 'ಇವತ್ತೊಂದು ದಿನ ಏಳುವುದಿಲ್ಲ' ಎಂದು ಇನ್ನೊಂದು. ಜೀವಮಾನವೆಲ್ಲ ಇನ್ನೊಬ್ಬರಿಗಾಗಿ ಎದ್ದು ಬಂದವಳಿಗೆ ಒಮ್ಮೆಯಾದರೂ ಸಾಕೆನ್ನುವವರೆಗೆ ಕೂಡುವ ಹಕ್ಕಿಲ್ಲವೇ? ಹೆಂಗಸರಿಗೆ ಕಲಿಸಿದ ತ್ಯಾಗವೆಲ್ಲ ತ್ಯಾಗವೇ ಅಲ್ಲ, ಬಿಟ್ಟುಕೊಡಲು ಬೇಕೋ ಬೇಡವೋ ಎಂದು ನಮ್ಮನ್ನು ಯಾರು ಕೇಳಿದ್ದರು? ಈ ವಾದ ಬಿಸಿನೀರಿನಲ್ಲಿ ಕೂತಾಗ ಬಹಳ ಬಲವಾಗಿ ಕಾಣುತ್ತದೆ. ನಾನು ಇನ್ನೂ ಅರ್ಧ ತಾಸು ಕೂತೆ. ಉಳಿದ ಮೂವರೂ ನನ್ನ ಜೊತೆ ಕೂತರು.

ಎದ್ದು ಬರುವಷ್ಟರಲ್ಲಿ ಹುಡುಗಿ ಒಂದು ಚಿಕ್ಕ ಚೊಂಬಿನಲ್ಲಿ ನೀರು ತೆಗೆದುಕೊಂಡು ದಂಡೆಯಲ್ಲೇ ಕೂತು ತೋಳಿಗೆ ಹೊಯ್ದುಕೊಳ್ಳುತ್ತಿದ್ದಳು. ಅಂಗಿಯ ತೋಳು ಮೇಲೆ ಮಡಚಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹುರುಪೆಯೆದ್ದ ಕೆಂಪು ಕಲೆಗಳು. ತಾಯಿ ಗಡಿಯಾರ ನೋಡುತ್ತಿದ್ದಳು. "ಇಳಿಯುದಿಲ್ವಾ?" ಎಂದು ಹುಡುಗಿ ಕೇಳಿದಳು. "ಬಸ್ಸು ತಪ್ಪಿದರೆ ಇನ್ನು ಸಂಜೆಗೇ. ಇನ್ನೊಂದು ದಿನ ಬರುವ" ಎಂದು ತಾಯಿ ಅವಳ ತೋಳು ಒರೆಸಿ, ಅಂಗಿ ಇಳಿಸಿ, ಕೈ ಹಿಡಿದು ಹೊರಟೇಬಿಟ್ಟಳು. ಹೋಗುವಾಗ ನಮಗೆ, "ಬರ್ತೇವೆ" ಎಂದು ಬೇರೆ ಹೇಳಿದಳು.

ನಾವು ಟವೆಲು ಹೊದ್ದು ನಿಂತಿದ್ದೆವು. ಕೆರೆ ಖಾಲಿಯಾಗಿತ್ತು. ಆಗ ನನಗೆ ಕಂಡದ್ದು ಅದರ ಅಳತೆ. ನಾವು ನಾಲ್ಕು ಜನ ಒಂದು ಮೂಲೆಯಲ್ಲಿ ಕೂತಿದ್ದೆವು. ಇನ್ನೂ ಹತ್ತು ಜನ ಇಳಿಯಬಹುದಿತ್ತು.

ಇನ್ನು ಮುಂದಿನದನ್ನು ಬರೆಯಲು ನಾನು ಮೂರು ಸಲ ಕೂತು ಎದ್ದಿದ್ದೇನೆ. ಆ ತಾಯಿ ಯಾಕೆ ಇಳಿಯಲಿಲ್ಲವೆಂದು ನನಗೆ ಗೊತ್ತಿತ್ತು. ಮಗಳ ಕೈ ನೋಡಿ ನಾವು ಎದ್ದು ಹೋಗಿಬಿಟ್ಟರೆ ಎಂಬ ಅಂಜಿಕೆ. ಎಲ್ಲೋ ಒಂದು ಕಡೆ ಹಾಗೆ ಆಗಿರಲೂಬಹುದು. ಮತ್ತು ನಾನು ಯಾಕೆ ಕರೆಯಲಿಲ್ಲವೆಂಬುದೂ ನನಗೆ ಗೊತ್ತಿತ್ತು. ಆ ಉದ್ದ ತೋಳಿನ ಅಂಗಿ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಅವರು ಕಾಯಲಿ ಎಂದು ನಾನು ಬಯಸಲಿಲ್ಲ, ಆದರೆ ನಾನು ನೀರಿನಲ್ಲಿರುವಾಗ ಅವರು ಇಳಿಯುವುದೂ ಬೇಕಾಗಿರಲಿಲ್ಲ. ಜೀವಮಾನದ ತ್ಯಾಗ, ಹೆಣ್ಣಿನ ಹಕ್ಕು ಎಂದು ಒಳಗೆ ನಡೆಸಿದ ದೊಡ್ಡ ವಾದದ ಅಡಿಯಲ್ಲಿ ಇಷ್ಟು ಸಣ್ಣ ಮಾತು ಅಡಗಿ ಕೂತಿತ್ತು. ಆ ಜಾಗ ಹೆಸರಾದದ್ದೇ ಅಂಥವರಿಂದ. ನಾನು ಮೋಜಿಗೆ ಹೋದವಳು. ಮುಟ್ಟಿದರೆ ಅಂಟದ ಚರ್ಮರೋಗಗಳೇ ಎಷ್ಟೋ ಇವೆಯೆಂದು ತರಗತಿಯಲ್ಲಿ ಹೇಳುವವಳೂ ನಾನೇ.

ನಾನು ಸಮಾಜ ಪಾಠ ಮಾಡುವವಳು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿ ಕುಡಿದದ್ದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ನನಗೇ ಗಂಟಲು ಕಟ್ಟುತ್ತದೆ. ನಾನು ಸಣ್ಣವಳಿದ್ದಾಗ ಬಾವಿಯ ಕಟ್ಟೆಯಿಂದ ದೂರ, ಖಾಲಿ ಕೊಡ ಇಟ್ಟುಕೊಂಡು, ಮೇಲಿನವರು ಯಾರಾದರೂ ಸೇದಿ ಹಾಕಲೆಂದು ಕಾಯುತ್ತ ನಿಂತ ಹೆಂಗಸರನ್ನು ಕಣ್ಣಾರೆ ನೋಡಿದ್ದೇನೆ. ಅವರ ಮುಖದಲ್ಲೂ ಇಂಥದೇ ಒಂದು ನಗು ಇರುತ್ತಿತ್ತು, ನಿಮಗೆ ಬಿಡುವಾದಾಗ ಹಾಕಿರಿ, ಅವಸರವಿಲ್ಲ ಎನ್ನುವಂಥದು. ಆ ನಗುವನ್ನು ನಾನು ಇರ್ದೆಯಲ್ಲಿ ಗುರುತು ಹಿಡಿಯಬೇಕಾಗಿತ್ತು.

ಗಾಡಿ ಹತ್ತಿದ ಮೇಲೆ ನಾನು ಮಾತಾಡದ್ದು ನೋಡಿ ನಮ್ಮ ಮನೆಯವರು ಕಾರಣ ಕೇಳಿದರು. ಹೇಳಿದೆ. "ನೀ ಏನ್ ಬ್ಯಾಡ ಅಂದಿದ್ದೇನು? ಅವರಾ ಇಳೀಲಿಲ್ಲ" ಎಂದರು. ಇದು ನಾವು ದಿನವೂ ಕೇಳುವ ನ್ಯಾಯ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯದೂ ಇದೇ ನ್ಯಾಯ. ಮುನಿರಾಬಾದಿನಿಂದ ಹೊರಟ ಕಾಲುವೆ 227 ಕಿಲೋಮೀಟರು ಹರಿದು ಬರಬೇಕು. ಮಾನ್ವಿ, ರಾಯಚೂರು ಕೊನೆಭಾಗ. ಕಾಲುವೆಯ ಯೋಜನೆ ಹಾಕಿದಾಗ ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆ ಎಂದು ಲೆಕ್ಕವಿತ್ತು. ಮೇಲ್ಭಾಗದಲ್ಲಿ ಭತ್ತ ನಿಂತಿತು. ಕೊನೆಯವರ ಪಾಲಿಗೆ ಗೇಜು ನೋಡುತ್ತ ಕೂಡುವುದು, ರಸ್ತೆ ತಡೆಯುವುದು ಉಳಿಯಿತು. ಮೇಲಿನವರು ನೀರು ಬೇಡವೆಂದು ಯಾರಿಗೂ ಹೇಳಿಲ್ಲ. ತಮ್ಮ ಗದ್ದೆಗೆ ತಾವು ಹರಿಸಿಕೊಂಡಿದ್ದಾರೆ, ಅಷ್ಟೆ. ನನ್ನ ಮಾವನವರು ಉಪಕಾಲುವೆಯ ಮೇಲೆ ಕಂಬಳಿ ಹೊದ್ದು ರಾತ್ರಿ ಕಾಯುತ್ತಿದ್ದ ವರ್ಷಗಳಲ್ಲಿ, ಮೇಲಿನವರಿಗೆ ಕಣ್ಣಿಲ್ಲವೇ ಎಂದು ನಾನು ಎಷ್ಟು ಸಲ ಶಪಿಸಿದ್ದೇನೋ. ಅವರಿಗೆ ಕಣ್ಣಿದೆ. ಮುಚ್ಚಿಕೊಂಡಿರುತ್ತಾರೆ. ಮುಚ್ಚಿಕೊಂಡಾಗ ಎಷ್ಟು ಹಿತವಾಗಿರುತ್ತದೆಂದು ಈಗ ನನಗೆ ಗೊತ್ತು. ಸುತ್ತಲಿನ ತೋಟಗಳಲ್ಲಿ ಬೋರುಗಳು ಹೆಚ್ಚಿದ ಮೇಲೆ ತೀರ್ಥದಲ್ಲಿ ಮೊದಲಿನ ಬಿಸಿಯೂ ಇಲ್ಲ, ಮೊದಲಿನ ನೀರೂ ಇಲ್ಲ ಎಂದು ಅಲ್ಲಿ ಸಿಕ್ಕ ಅಜ್ಜಿಯೊಬ್ಬರು ಹೇಳಿದ್ದರು. ಬೋರು ಹಾಕಿದವರೂ ಯಾರನ್ನೂ ಬೇಡವೆಂದಿರಲಿಕ್ಕಿಲ್ಲ.

ಬಿಸಿನೀರಿನ ಊಟೆಯ ವಿಷಯದಲ್ಲೇ ಒಂದು ಹಳೆಯ ಕಥೆ ಇದೆ. ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಮಸ್ಕಿಯ ಅಶೋಕನ ಶಾಸನ ನೋಡಲು ಹೋದಾಗ, ಜೊತೆಗೆ ಬಂದ ಹಿರಿಯ ಮಾಸ್ತರೊಬ್ಬರು ಹೇಳಿದ್ದರು. ಆಮೇಲೆ ಪುಸ್ತಕದಲ್ಲೂ ಓದಿದೆ. ಬಿಹಾರದ ರಾಜಗೃಹದಲ್ಲಿ, ವೈಭಾರ ಬೆಟ್ಟದ ಬುಡದಲ್ಲಿ ತಪೋದ ಎಂಬ ಬಿಸಿನೀರಿನ ಊಟೆಗಳಿದ್ದವು. ಇಂದಿಗೂ ರಾಜಗಿರ್‌ನ ಕುಂಡಗಳಲ್ಲಿ ಜನ ಮೀಯುತ್ತಾರೆ. ಒಂದು ದಿನ ಮಗಧದ ಅರಸ ಬಿಂಬಿಸಾರ ತಲೆಗೆ ಎರೆದುಕೊಳ್ಳಲೆಂದು ಅಲ್ಲಿಗೆ ಹೋದ. ಭಿಕ್ಷುಗಳು ಸ್ನಾನ ಮಾಡುತ್ತಿದ್ದರು. ಅವರು ಮುಗಿಸಲಿ ಎಂದು ಅರಸ ಒಂದು ಕಡೆ ಕಾದ. ಭಿಕ್ಷುಗಳು ಕತ್ತಲಾಗುವವರೆಗೆ ಮಿಂದರು. ಅರಸ ಆಮೇಲೆ ಮಿಂದು ಹೊರಡುವಷ್ಟರಲ್ಲಿ ನಗರದ ಬಾಗಿಲು ಹಾಕಿತ್ತು, ರಾತ್ರಿ ಊರ ಹೊರಗೇ ಕಳೆದ. ಬೆಳಿಗ್ಗೆ ಬುದ್ಧನಿಗೆ ವಿಷಯ ಗೊತ್ತಾಯಿತು. ಅರಸನನ್ನು ಕಂಡೂ ಇವರಿಗೆ ಅಳತೆ ತಿಳಿಯಲಿಲ್ಲವಲ್ಲ ಎಂದು ಭಿಕ್ಷುಗಳನ್ನು ಗದರಿ, ಇನ್ನು ಹದಿನೈದು ದಿನಕ್ಕೊಮ್ಮೆ ಮಾತ್ರ ಸ್ನಾನವೆಂದು ನಿಯಮ ಮಾಡಿದ. ಆಮೇಲೆ ಒಂದೊಂದೇ ವಿನಾಯಿತಿ ಸೇರಿದವು. ಸೆಕೆಯ ಕಾಲದಲ್ಲಿ ಮೀಯಬಹುದು, ಕಾಯಿಲೆಯಲ್ಲಿ ಮೀಯಬಹುದು, ದುಡಿದಾಗ, ದಾರಿ ನಡೆದಾಗ, ಗಾಳಿ ಮಳೆಗೆ ಸಿಕ್ಕಾಗ ಮೀಯಬಹುದು. ಗಡಿಸೀಮೆಯ ಭಿಕ್ಷುಗಳಿಗೆ ಈ ಕಟ್ಟನ್ನೇ ಸಡಿಲಿಸಿದ. ನಮ್ಮ ರಾಯಚೂರಿನ ಸೆಕೆಗೆ ಆ ವಿನಾಯಿತಿ ಇಲ್ಲದಿದ್ದರೆ ಇಲ್ಲಿ ಯಾರೂ ಬೌದ್ಧರಾಗುತ್ತಿರಲಿಲ್ಲ!

ಮಾಸ್ತರು ಕಥೆ ಹೇಳಿದ್ದು ಅರಸನ ಸೌಜನ್ಯ ತೋರಿಸಲಿಕ್ಕೆ. ನಾನೂ ಮಕ್ಕಳಿಗೆ ಹಾಗೆಯೇ ಹೇಳಿದ್ದೆ. ಇರ್ದೆಯಿಂದ ಬಂದ ಮೇಲೆ ಬೇರೆ ಬೇರೆ ಕಡೆ ಚುಚ್ಚತೊಡಗಿತು. 'ಕಂಡೂ' ಎಂಬ ಮಾತು ಮೊದಲು. ಆಮೇಲೆ ಇದು. ಕಾದವನು ಅರಸನಾಗಿದ್ದಕ್ಕೆ ಆ ರಾತ್ರಿಯ ಸುದ್ದಿ ಬುದ್ಧನವರೆಗೆ ಹೋಯಿತು. ಹೊರಗೆ ಕಾದದ್ದು ತೋಳು ಮುಚ್ಚಿಕೊಂಡ ಒಬ್ಬ ಹುಡುಗಿಯಾಗಿದ್ದರೆ? ಅವಳೂ ಬಾಗಿಲು ಹಾಕಿದ ಮೇಲೆ ಊರ ಹೊರಗೆ ಮಲಗಿ ಬೆಳಿಗ್ಗೆ ಎದ್ದು ಹೋಗುತ್ತಿದ್ದಳು. ಯಾವ ನಿಯಮವೂ ಆಗುತ್ತಿರಲಿಲ್ಲ. ವಿನಾಯಿತಿಗಳ ಪಟ್ಟಿಯನ್ನೂ ನೋಡಿರಿ. ಕಾಯಿಲೆ, ದುಡಿಮೆ, ದಾರಿ ನಡೆದ ದಣಿವು. ಅಂದು ನನ್ನ ಬಳಿ ದಾರಿಯ ದಣಿವೊಂದಿತ್ತು, ಅದೂ ಮೆತ್ತನೆಯ ಸೀಟಿನಲ್ಲಿ ಕೂತು ಬಂದದ್ದು. ಆ ತಾಯಿ ಮಗಳಿಗೆ ಮೂರೂ ಇದ್ದವು.

ಊರಿಗೆ ಬಂದ ಮೇಲೆ ಒಂದು ಸಂಜೆ ಹಪ್ಪಳಕ್ಕೆ ಹಿಟ್ಟು ನಾದುವಾಗ ಇದನ್ನೆಲ್ಲ ಸೊಸೆಯ ಮುಂದೆ ಹೇಳಿದೆ. ಅವಳು ನನ್ನ ಹಾಗೆ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಅತ್ತಿ, ನೀವು ಒಂದು ದಿನ ಅರ್ಧ ತಾಸು ಕೂತದ್ದಕ್ಕ ಬುದ್ಧನ ತನಕ ಹೋಗ್ತೀರಿ. ಮಾವನೋರು ಇಷ್ಟು ವರ್ಷ ಬಚ್ಚಲದಾಗ ಕೂತಾರಲ್ಲ, ಯಾವತ್ತರ ಒಂದು ಪ್ರಬಂಧ ಬರದಾರೇನ್ರಿ?" ಎಂದಳು. ನಾನು ನಕ್ಕೆ. ಆದರೆ ಅವಳು ನಗಿಸಲು ಹೇಳಿರಲಿಲ್ಲ. ತಪ್ಪು ಮಾಡಿದೆನೆಂದು ಕೊರಗುವುದು ಕೂಡ ಹೆಂಗಸರ ಪಾಲಿಗೇ ಬಂದ ಕೆಲಸವಾಗಿಬಿಟ್ಟಿದೆ ಎಂಬುದು ಅವಳ ಮಾತಿನ ಅರ್ಥ. ಅದನ್ನು ನಾನು ಅಲ್ಲಗಳೆಯಲಾರೆ. ನನ್ನ ಅಜ್ಜ ಕೆಟ್ಟವನಲ್ಲ. ಬಚ್ಚಲಿನಿಂದ "ಇನ್ನೊಂದು ಕೊಡ ಬಿಸಿ ಹಾಕ್ರಿ" ಎಂದು ಕೂಗುವಾಗ ಅವನಿಗೆ ಹಂಡೆಯ ತಳ ಕಾಣುತ್ತಿರಲಿಲ್ಲ. ಅವನು ಹೀಗೆ ಕೊರಗದೆ ತೊಂಬತ್ತು ವರ್ಷ ಬದುಕಿದ.

ಆದರೂ ನಾನು ಅವಳಿಗೆ ಪೂರ್ತಿ ಸೋಲಲಿಲ್ಲ. ನನಗೆ ಬೇಸರವಾದದ್ದು ಏಳಲಿಲ್ಲವೆಂದಲ್ಲ. ಈಗ ಯೋಚಿಸಿದರೆ ಅಂದು ಏಳುವ ಅಗತ್ಯವೇ ಇರಲಿಲ್ಲ. ಅಷ್ಟು ದೊಡ್ಡ ಕೆರೆಯಲ್ಲಿ ಒಂದು ಮಾರು ಸರಿದು ಕೂತು "ಬರ್ರೆವಾ, ಇಳೀರಿ" ಎಂದಿದ್ದರೆ ಆಗುತ್ತಿತ್ತು. ನನ್ನ ಸುಖದಲ್ಲಿ ಒಂದು ಚರಿಗೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಮ್ಮ ಮನೆಯ ಹಂಡೆಯಲ್ಲಿ ಅವ್ವನಿಗೆ ಉಳಿಯಬೇಕಾದರೆ ಅಜ್ಜನಿಗೆ ಒಂದು ಕೊಡ ಕಡಿಮೆಯಾಗಬೇಕಿತ್ತು. ಕಾಲುವೆಯಲ್ಲಿ ಕೊನೆಯವರಿಗೆ ಮುಟ್ಟಬೇಕಾದರೆ ಮೇಲಿನವರು ಭತ್ತ ಬಿಡಬೇಕು. ಅವು ಕಷ್ಟದ ಲೆಕ್ಕಗಳು, ಬಿಟ್ಟುಕೊಡುವವರಿಗೆ ನಷ್ಟವಿದೆ. ಬೆಂದ್ರು ತೀರ್ಥದಲ್ಲಿ ಅಂಥ ಲೆಕ್ಕವೇ ಇರಲಿಲ್ಲ, ಒಂದು ಮಾತಿತ್ತು. ಏಳುವುದೋ ಕೂಡುವುದೋ ಎಂದು ನಾನು ಕಣ್ಣು ಮುಚ್ಚಿ ಅಷ್ಟು ದೊಡ್ಡ ಪ್ರಶ್ನೆ ಕೇಳಿಕೊಂಡದ್ದೇ ಆ ಒಂದು ಮಾತನ್ನು ತಪ್ಪಿಸಿಕೊಳ್ಳಲಿಕ್ಕೆ ಇರಬೇಕು. ಇದನ್ನು ಸೊಸೆಗೆ ಹೇಳಿದೆ. ಅವಳು ಹಿಟ್ಟಿನ ಉಂಡೆ ಮಾಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನೋಡಿದ್ನಿರಿ ಆ ಹುಡುಗೀನ" ಎಂದಳು. ಬೇರೇನೂ ಹೇಳಲಿಲ್ಲ.

ಹುಡುಗಿ ಇನ್ನೊಂದು ದಿನ ಬಂದು ಮಿಂದಿರಬಹುದು. ಆ ದಿನ ಕೆರೆ ಖಾಲಿಯಿದ್ದಿರಲಿ ಎಂದುಕೊಳ್ಳಲು ಹೋಗಿ, ಅಲ್ಲ, ಯಾರಾದರೂ ಇದ್ದಿರಲಿ, ಇದ್ದವರು ಕರೆದಿರಲಿ ಎಂದುಕೊಂಡೆ.

ಕಾರ್ತಿಕದ ಒಂದು ಬೆಳಿಗ್ಗೆ ನಮ್ಮಲ್ಲಿಯೂ ಸ್ವಲ್ಪ ಚಳಿ ಬಿದ್ದಿತ್ತು. ಗಂಡಸರಿನ್ನೂ ಎದ್ದಿರಲಿಲ್ಲ. ಗೀಸರಿನ ಕೆಂಪು ದೀಪ ಆರಿ ನೀರು ಕಾದಿತ್ತು. ನಾನು ಸೊಸೆಗೆ, "ಮೊದಲು ನೀ ಹೋಗವಾ" ಎಂದೆ. "ಬ್ಯಾಡ್ರಿ ಅತ್ತಿ, ನಿಮಗ ಸಾಲಿಗೆ ಹೊತ್ತಾಗ್ತದ, ನೀವು ಹೋಗ್ರಿ" ಎಂದಳು. "ನಿನಗ ನೆಗಡಿ ಆಗೇದ." "ನಿಮಗ ಮೊಣಕಾಲು ನೋವು." ಹೀಗೆ ಇಬ್ಬರೂ ಟವೆಲು ಹಿಡಿದುಕೊಂಡು ಬಚ್ಚಲ ಬಾಗಿಲ ಎಡಬಲಕ್ಕೆ ನಿಂತೆವು. ಅಷ್ಟರಲ್ಲಿ ನಮ್ಮ ಮನೆಯವರು ಕೆಮ್ಮುತ್ತ ಎದ್ದು ಬಂದು, ನಮ್ಮಿಬ್ಬರ ನಡುವೆ ಹಾದು, ಒಳಗೆ ಹೋಗಿ ಅಗಳಿ ಹಾಕಿಕೊಂಡರು.